ಹಲಗಲಿಯ ಹೆಸರುಗಳು, ಗಾಜಾದ ಸಂಖ್ಯೆಗಳು: ಜೀವದ ಬೆಲೆಯನ್ನು ಕಟ್ಟುವವರು ಯಾರು?



ಪ್ಯಾಲೆಸ್ತೀನಿನ ಗಾಜಾ ಪ್ರದೇಶದ ಯುದ್ಧವನ್ನು ಕುರಿತು ಶಿವಾನುಭವ ಗೋಷ್ಠಿಗಳಲ್ಲಿ ಪ್ರಶ್ನೆಗಳು ಬರುತ್ತಲೇ ಇವೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಭಕ್ತರು ಕೇಳುವ ಪ್ರಶ್ನೆಗಳಲ್ಲಿ ಮುಖ್ಯವಾದವು ಎರಡು. ಅಷ್ಟು ದೂರದ ನಾಡಿನ ಸಾವುನೋವು ನಮ್ಮ ಮಠಕ್ಕೇಕೆ ಸಂಬಂಧಿಸಬೇಕು ಎಂಬುದು ಮೊದಲನೆಯದು. ಸತ್ತವರ ಲೆಕ್ಕವನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುವಾಗ ಯಾವುದನ್ನು ನಂಬಬೇಕು ಎಂಬುದು ಎರಡನೆಯದು. ಈ ಎರಡೂ ಪ್ರಶ್ನೆಗಳ ಬುಡದಲ್ಲಿ ಇನ್ನೊಂದು ಪ್ರಶ್ನೆ ಅಡಗಿದೆ. ಲೋಕವು ಕೆಲವರ ಸಾವಿಗೆ ಕಣ್ಣೀರಿಡುತ್ತದೆ, ಕೆಲವರ ಸಾವನ್ನು ಕೇವಲ ಎಣಿಸುತ್ತದೆ, ಮತ್ತೆ ಕೆಲವರ ಸಾವಿನ ಎಣಿಕೆಯನ್ನೂ ಸಂಶಯದಿಂದ ನೋಡುತ್ತದೆ. ಹೀಗೇಕೆ?

ಇದಕ್ಕೆ ಉತ್ತರವನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಮುಧೋಳ ತಾಲ್ಲೂಕಿನ ಹಲಗಲಿಯಿಂದಲೇ ಆರಂಭಿಸಬಹುದು.

ಹಲಗಲಿಯಲ್ಲಿ ನಡೆದದ್ದು

1857ರಲ್ಲಿ ಉತ್ತರ ಹಿಂದುಸ್ತಾನದಲ್ಲಿ ದಂಗೆಯೆದ್ದಾಗ ಕಂಪನಿ ಸರಕಾರವು ನಿಶ್ಶಸ್ತ್ರೀಕರಣದ ಕಾಯಿದೆಯನ್ನು ತಂದಿತು. ಪ್ರಜೆಗಳು ತಮ್ಮಲ್ಲಿರುವ ಆಯುಧಗಳನ್ನು ನೋಂದಾಯಿಸಬೇಕು, ಅಪ್ಪಣೆಯಿಲ್ಲದ ಆಯುಧಗಳನ್ನು ಒಪ್ಪಿಸಬೇಕು ಎಂಬುದು ಅದರ ತಿರುಳು. ಆಗ ಹಲಗಲಿಯು ಘೋರ್ಪಡೆ ಮನೆತನದ ಮುಧೋಳ ಸಂಸ್ಥಾನಕ್ಕೆ ಸೇರಿದ ಸಣ್ಣ ಊರು. ಅಲ್ಲಿಯ ಬೇಡರಿಗೆ ಆಯುಧವೆಂದರೆ ಬೇಟೆಯ ಸಾಧನ, ಹೊಟ್ಟೆಯ ಪಾಡು, ಕುಲದ ಮಾನ. ಅವರು ಕೊಡಲೊಪ್ಪಲಿಲ್ಲ. ಪೂಜೇರಿ ಹನುಮ, ಬಾಲ, ಜಡಗ, ರಾಮ ಎಂಬವರು ಮುಂದಾಳುಗಳಾದರು. ಸುತ್ತಲಿನ ಊರುಗಳಿಂದಲೂ ಜನ ಬಂದು ಸೇರಿದರು.

ಆ ವರ್ಷದ ನವೆಂಬರ್ ಕೊನೆಯಲ್ಲಿ ಕುದುರೆ ದಂಡು ಊರನ್ನು ಮುತ್ತಿತು, ಮನೆಗಳಿಗೆ ಬೆಂಕಿ ಬಿತ್ತು. ಹೋರಾಡಿದವರು ಸತ್ತರು, ಉಳಿದವರು ಸೆರೆಯಾದರು. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನು, ಡಿಸೆಂಬರ್ 14ರಂದು ಹಲಗಲಿಯಲ್ಲಿಯೇ 6 ಜನರನ್ನು ಎಲ್ಲರ ಕಣ್ಣೆದುರಿಗೆ ನೇಣಿಗೆ ಹಾಕಿದರು. ನೋಡಿದವರು ಮತ್ತೆ ತಲೆಯೆತ್ತಬಾರದು ಎಂಬುದೇ ಅದರ ಉದ್ದೇಶ.

ಅದೇ ವರ್ಷದ ಜುಲೈಯಲ್ಲಿ ಕಾನ್ಪುರದಲ್ಲಿ ಸುಮಾರು ಇನ್ನೂರು ಮಂದಿ ಇಂಗ್ಲಿಷ್ ಹೆಂಗಸರು ಮತ್ತು ಮಕ್ಕಳು ಕೊಲೆಯಾದರು. ಅದು ಘೋರಕೃತ್ಯವೇ, ಅದಕ್ಕೆ ಸಮರ್ಥನೆಯಿಲ್ಲ. ಅವರ ದೇಹಗಳನ್ನು ಎಸೆದಿದ್ದ ಬಾವಿಯ ಮೇಲೆ ಮುಂದೆ ಅಮೃತಶಿಲೆಯ ದೇವದೂತೆಯ ಪ್ರತಿಮೆ ನಿಂತಿತು. ಇಂಗ್ಲೆಂಡಿನ ಮನೆಮನೆಗಳಲ್ಲಿ ಆ ಸುದ್ದಿಗೆ ಶೋಕ ಆಚರಿಸಿದರು. ಆ ಶೋಕ ಸಹಜವಾದುದು, ಯೋಗ್ಯವಾದುದು. ಆದರೆ ಅದೇ ಶೋಕವು ಊರೂರುಗಳನ್ನು ಸುಡುವುದಕ್ಕೆ ಪರವಾನಗಿಯೂ ಆಯಿತು. ಸುಟ್ಟ ಊರುಗಳಿಗೆ ಅಮೃತಶಿಲೆ ಬರಲಿಲ್ಲ. ಒಂದು ಕಡೆಯ ಸಾವು ದುರಂತವೆನಿಸಿತು, ಇನ್ನೊಂದು ಕಡೆಯದು ಶಾಂತಿಸ್ಥಾಪನೆಯ ವೆಚ್ಚವೆನಿಸಿತು. ಜೀವದ ಬೆಲೆಯಲ್ಲಿ ಭೇದ ಹುಟ್ಟುವುದು ಇಲ್ಲಿಯೇ.

ದಫ್ತರದ ಲೆಕ್ಕ, ಲಾವಣಿಯ ಲೆಕ್ಕ

ಸರಕಾರದ ದಫ್ತರದಲ್ಲಿ ಹಲಗಲಿಯ ಘಟನೆ ಕೆಲವೇ ಸಾಲುಗಳ ವಿಷಯ. ಇಷ್ಟು ಜನ ಸತ್ತರು, ಇಷ್ಟು ಜನ ಸೆರೆಯಾದರು, ಇಷ್ಟು ಜನಕ್ಕೆ ಗಲ್ಲು. ದಫ್ತರ ಸುಳ್ಳು ಹೇಳಿತೆಂದು ನಾವು ಹೇಳುವುದಿಲ್ಲ. ಅಂಕಿಗಳು ಸರಿಯಾಗಿಯೇ ಇರಬಹುದು. ಆದರೆ ಅಂಕಿಗೆ ಮನೆಯಿಲ್ಲ, ತಾಯಿಯಿಲ್ಲ, ಕಿತ್ತುಹೋದ ಮಾಂಗಲ್ಯವಿಲ್ಲ.

ಇವೆಲ್ಲವನ್ನೂ ಉಳಿಸಿದ್ದು ಲಾವಣಿ. ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿ ಹಲಗಲಿಯ ಬೇಡರ ಪದವನ್ನು ಓದಿದ ನಮ್ಮ ಮಕ್ಕಳಿಗೆ ಅದರ ಒಂದು ಭಾಗ ನೆನಪಿರಬೇಕು. ಲೂಟಿಯನ್ನು ವರ್ಣಿಸುವಾಗ ಲಾವಣಿಕಾರನು ಹೊನ್ನು, ಮುತ್ತು, ರತ್ನಗಳ ಪಟ್ಟಿಯನ್ನು ಕೊಡುವುದಿಲ್ಲ. ಅಡುಗೆಮನೆಯ ಉಪ್ಪು-ಬೆಲ್ಲದಿಂದ ಬೀಸುವ ಕಲ್ಲಿನವರೆಗೆ, ಹೊಲದ ಕೊಡಲಿಯಿಂದ ಹೆಣ್ಣುಮಕ್ಕಳ ಮಂಗಳಸೂತ್ರದವರೆಗೆ ಒಂದೊಂದು ವಸ್ತುವನ್ನೂ ಹೆಸರಿಸುತ್ತಾನೆ. ಬಡವರ ಮನೆಯಲ್ಲಿ ಏನಿರುತ್ತದೆಂದು ಬಲ್ಲವನು ಮಾತ್ರ ಹೀಗೆ ಎಣಿಸಬಲ್ಲ. ಕೇಳುವವನಿಗೆ ಅದು ಪರರ ಊರಾಗಿ ಉಳಿಯುವುದಿಲ್ಲ, ತನ್ನ ಮನೆಯ ಒಳಕೋಣೆಯೇ ಆಗುತ್ತದೆ.

ಇಂಥ ಲಾವಣಿಗಳನ್ನು ಸಂಗ್ರಹಿಸಿ ಇಂಗ್ಲಿಷ್ ಅನುವಾದದೊಂದಿಗೆ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವರು ಜೆ. ಎಫ್. ಫ್ಲೀಟ್. ಅವರು ಅದೇ ಬ್ರಿಟಿಷ್ ಸರಕಾರದ ಅಧಿಕಾರಿ, ಶಾಸನತಜ್ಞರು. ಆಳುವವರ ಕಡೆಯಲ್ಲಿಯೂ ಕಿವಿಗೊಟ್ಟು ಕೇಳುವ ಒಬ್ಬನಿದ್ದರೆ ಸತ್ತವರ ಹೆಸರು ಉಳಿಯುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಇಷ್ಟಾದರೂ ಇಂದು ಹೊರಗಿನವರಿಗೆ ಮುಧೋಳವೆಂದರೆ ಮೊದಲು ನೆನಪಾಗುವುದು ಅಂಚೆಚೀಟಿಯಲ್ಲಿ ಅಚ್ಚಾದ ನಮ್ಮ ಬೇಟೆನಾಯಿ. ನಾಯಿಯ ಕೀರ್ತಿಗೆ ನಮ್ಮ ಆಕ್ಷೇಪವಿಲ್ಲ. ಆದರೆ ನೇಣಿಗೇರಿದ 19 ಜನರಲ್ಲಿ ಎಷ್ಟು ಮಂದಿಯ ಹೆಸರನ್ನು ನಾವೇ ಹೇಳಬಲ್ಲೆವು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಸತ್ತವರು ಸತ್ತರೆಂದು ಸಾಧಿಸಬೇಕಾದಾಗ

ಈಗ ಗಾಜಾದ ಕಡೆಗೆ ಬರೋಣ. 2023ರ ಅಕ್ಟೋಬರ್ 7ರಂದು ಹಮಾಸ್ ಮತ್ತು ಇತರ ಶಸ್ತ್ರಧಾರಿಗಳು ಇಸ್ರೇಲಿನೊಳಗೆ ನುಗ್ಗಿ ಸುಮಾರು 1,200 ಜನರನ್ನು ಕೊಂದರು, ಸುಮಾರು 250 ಜನರನ್ನು ಒತ್ತೆಯಾಳುಗಳಾಗಿ ಒಯ್ದರು. ಸತ್ತವರಲ್ಲಿ ಬಹುಪಾಲು ನಾಗರಿಕರು. ಮುದುಕರೂ ಮಕ್ಕಳೂ ಇದ್ದರು. ಇದು ಧರ್ಮವಲ್ಲ, ಯುದ್ಧನೀತಿಯೂ ಅಲ್ಲ. ಆ ಮನೆಗಳ ದುಃಖವೂ ನಮ್ಮ ದುಃಖವೇ.

ಅನಂತರ ಇಸ್ರೇಲ್ ನಡೆಸಿದ ಯುದ್ಧದಲ್ಲಿ ಗಾಜಾದಲ್ಲಿ ಸತ್ತವರ ಸಂಖ್ಯೆ ದಿನದಿನಕ್ಕೆ ಏರಿತು. ಅಕ್ಟೋಬರ್ 25ರಂದು ಅಮೆರಿಕದ ಅಂದಿನ ಅಧ್ಯಕ್ಷ ಜೋ ಬೈಡನ್ ಅವರು, ಪ್ಯಾಲೆಸ್ತೀನಿಯರು ಹೇಳುವ ಸಂಖ್ಯೆಯಲ್ಲಿ ತಮಗೆ ವಿಶ್ವಾಸವಿಲ್ಲವೆಂದರು. ಮರುದಿನವೇ ಗಾಜಾದ ಆರೋಗ್ಯ ಸಚಿವಾಲಯವು ಒಂದು ದೀರ್ಘವಾದ ಪಟ್ಟಿಯನ್ನು ಹೊರಡಿಸಿತು. ಅದರಲ್ಲಿ 6,747 ಹೆಸರುಗಳಿದ್ದವು. ಹೆಸರಿನ ಮುಂದೆ ವಯಸ್ಸು, ಲಿಂಗ, ಗುರುತಿನ ಸಂಖ್ಯೆ. ಗುರುತು ಸಿಗದವರು ಬೇರೆ.

ನಾವು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ನಮ್ಮ ಮನೆಯಲ್ಲಿ ಸಾವಾದರೆ ಸುತ್ತಲಿನವರು ಬಂದು ಕೈಹಿಡಿದು ಕೂರುತ್ತಾರೆ. ನಿಮ್ಮ ತಂದೆ ನಿಜವಾಗಿಯೂ ತೀರಿಕೊಂಡರೇ, ದಾಖಲೆ ತೋರಿಸಿ ಎಂದು ಯಾರೂ ಕೇಳುವುದಿಲ್ಲ. ಅಲ್ಲಿಯ ಜನ ಶವಗಳನ್ನು ಹೂಳುತ್ತಲೇ ಅವರು ಸತ್ತದ್ದು ನಿಜವೆಂದು ಲೋಕಕ್ಕೆ ಸಾಧಿಸಿ ತೋರಿಸಬೇಕಾಯಿತು.

ಲೆಕ್ಕವನ್ನು ಪರಿಶೀಲಿಸುವುದು ತಪ್ಪಲ್ಲ. ಯುದ್ಧಕಾಲದಲ್ಲಿ ಪರಿಶೀಲನೆ ಅಗತ್ಯವೂ ಹೌದು, ಆ ಸಚಿವಾಲಯ ಹಮಾಸ್ ಆಡಳಿತದಡಿ ಇತ್ತೆಂಬುದೂ ನಿಜ. ಆದರೆ ಪರಿಶೀಲನೆಗೆ ಹಿಂದಿನ ಅನುಭವವೂ ಇತ್ತು. 2014ರ ಯುದ್ಧದಲ್ಲಿ ಅದೇ ಸಚಿವಾಲಯ 2,310 ಸಾವುಗಳೆಂದು ಹೇಳಿತ್ತು. ವಿಶ್ವಸಂಸ್ಥೆ ತಾನೇ ವಿಚಾರಿಸಿ ಕೊಟ್ಟ ಸಂಖ್ಯೆ 2,251. ವ್ಯತ್ಯಾಸ ಎಷ್ಟೆಂದು ನೀವೇ ನೋಡಬಹುದು. 2025ರ ಅಕ್ಟೋಬರದಲ್ಲಿ ಕದನವಿರಾಮವಾಗುವ ಹೊತ್ತಿಗೆ ಸಚಿವಾಲಯದ ಲೆಕ್ಕ 67 ಸಾವಿರವನ್ನು ದಾಟಿತ್ತು. ಆ ಲೆಕ್ಕದಲ್ಲಿ ಹೋರಾಟಗಾರರು ಯಾರು, ನಾಗರಿಕರು ಯಾರು ಎಂಬ ವಿಂಗಡಣೆಯಿಲ್ಲ. ಆದರೆ ಹಸುಗೂಸುಗಳನ್ನು ಹೋರಾಟಗಾರರೆಂದು ಯಾರೂ ಹೇಳಲಾರರು, ಮತ್ತು ಆ ಪಟ್ಟಿಗಳಲ್ಲಿ ಇನ್ನೂ ಒಂದು ವರ್ಷ ತುಂಬದ ಕೂಸುಗಳ ಹೆಸರುಗಳಿವೆ.

ಅನ್ನ ಒಯ್ದವರ ಕಥೆ

ದಾಸೋಹದ ಪರಂಪರೆಯ ನಮಗೆ ಮನಮುಟ್ಟುವ ಒಂದು ಘಟನೆಯಿದೆ. 2024ರ ಏಪ್ರಿಲ್ 1ರಂದು ‘ವರ್ಲ್ಡ್ ಸೆಂಟ್ರಲ್ ಕಿಚನ್’ ಎಂಬ ಅನ್ನದಾನ ಸಂಸ್ಥೆಯ ಮೂರು ವಾಹನಗಳ ಮೇಲೆ ಗಾಜಾದಲ್ಲಿ ಇಸ್ರೇಲಿನ ದಾಳಿಯಾಯಿತು. ಹಸಿದವರಿಗೆ ಆಹಾರ ಮುಟ್ಟಿಸಲು ಹೋಗಿದ್ದ ಏಳು ಜನ ಸತ್ತರು. ಆರು ಮಂದಿ ಬ್ರಿಟನ್, ಆಸ್ಟ್ರೇಲಿಯಾ, ಪೋಲೆಂಡ್, ಅಮೆರಿಕ-ಕೆನಡಾ ದೇಶಗಳವರು. ಏಳನೆಯವನು ಪ್ಯಾಲೆಸ್ತೀನಿ ಯುವಕ, ವಾಹನ ಚಾಲಕ. ಲೋಕವೇ ಬೆಚ್ಚಿತು. ರಾಜಧಾನಿಗಳಿಂದ ಖಂಡನೆಗಳು ಬಂದವು. ಇಸ್ರೇಲ್ ಅದನ್ನು ಘೋರ ಪ್ರಮಾದವೆಂದು ಒಪ್ಪಿಕೊಂಡಿತು, ಇಬ್ಬರು ಅಧಿಕಾರಿಗಳನ್ನು ಹುದ್ದೆಯಿಂದ ತೆಗೆಯಿತು.

ಇವೆಲ್ಲವೂ ಆಗಬೇಕಾದದ್ದೇ. ಆದರೆ ನಾಲ್ಕು ದಿನಗಳ ಅನಂತರ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗಳು ಹೇಳಿದ ಇನ್ನೊಂದು ಮಾತು ಅಷ್ಟಾಗಿ ಕೇಳಿಸಲಿಲ್ಲ. ಅದುವರೆಗೆ ಗಾಜಾದಲ್ಲಿ ಕೊಲೆಯಾದ ಸಹಾಯ ಕಾರ್ಯಕರ್ತರ ಸಂಖ್ಯೆ 196, ಅವರಲ್ಲಿ 175ಕ್ಕೂ ಹೆಚ್ಚು ಜನ ವಿಶ್ವಸಂಸ್ಥೆಯ ಸಿಬ್ಬಂದಿಯೇ. ಅವರಲ್ಲಿ ಬಹುತೇಕರು ಪ್ಯಾಲೆಸ್ತೀನಿಯರು. ಅವರೂ ಅನ್ನವನ್ನೇ ಹಂಚುತ್ತಿದ್ದರು, ಔಷಧವನ್ನೇ ಒಯ್ಯುತ್ತಿದ್ದರು. ಒಂದೇ ಕಾಯಕ, ಒಂದೇ ನೆಲ, ಒಂದೇ ಸಾವು. ಬೇರೆಯಾಗಿದ್ದುದು ಅವರ ಪಾಸ್‌ಪೋರ್ಟ್ ಮಾತ್ರ.

ಒಮ್ಮೊಮ್ಮೆ ಒಂದು ದನಿ ಈ ಗೋಡೆಯನ್ನು ದಾಟಿ ಬರುತ್ತದೆ. 2024ರ ಜನವರಿ 29ರಂದು ಗಾಜಾ ನಗರದಲ್ಲಿ ಹಿಂದ್ ರಜಬ್ ಎಂಬ ಪುಟ್ಟ ಹುಡುಗಿ, ಬಂಧುಗಳೆಲ್ಲರೂ ಸತ್ತ ಕಾರಿನೊಳಗೆ ಕುಳಿತು, ಬಂದು ಕರೆದೊಯ್ಯಿರೆಂದು ರೆಡ್ ಕ್ರೆಸೆಂಟ್ ಸಂಸ್ಥೆಯವರನ್ನು ಫೋನಿನಲ್ಲಿ ಗಂಟೆಗಟ್ಟಲೆ ಬೇಡಿಕೊಂಡಳು. ಅವಳನ್ನು ಕರೆತರಲು ಹೋದ ಆಂಬ್ಯುಲೆನ್ಸಿನ ಇಬ್ಬರೂ ಮರಳಲಿಲ್ಲ. ಹನ್ನೆರಡು ದಿನಗಳ ಮೇಲೆ ಮೂವರ ಶವಗಳೂ ಸಿಕ್ಕವು. ಆ ದನಿಯನ್ನು ಕೇಳಿದ ಲೋಕ ಅತ್ತಿತು. ಹೆಸರು, ದನಿ, ಬೇಡಿಕೆ ಮೂರೂ ಕೂಡಿದಾಗ ಅವಳು ಮಗುವಾದಳು. ದನಿ ಕೇಳಿಸದೆ ಹೋದ ಸಾವಿರಾರು ಮಕ್ಕಳು ಅಂಕಿಯಾಗಿಯೇ ಉಳಿದರು.

ಕರ್ತೃವಿಲ್ಲದ ವಾಕ್ಯ

ಭಾಷೆಯೂ ಈ ತಾರತಮ್ಯದಲ್ಲಿ ಪಾಲುಗೊಳ್ಳುತ್ತದೆ. ಶಾಲೆಯಲ್ಲಿ ಕಲಿತ ಕರ್ತರಿ, ಕರ್ಮಣಿ ಪ್ರಯೋಗಗಳನ್ನು ನೆನಪಿಸಿಕೊಳ್ಳಿ. ‘ಇಂಥವರು ಇಂಥವರನ್ನು ಕೊಂದರು’ ಎಂಬುದು ಕರ್ತರಿ. ‘ಇಂಥವರು ಕೊಲ್ಲಲ್ಪಟ್ಟರು’ ಎಂದಾಗ ಕೊಂದವನು ಮರೆಗೆ ಸರಿಯುತ್ತಾನೆ. ‘ಸಾವನ್ನಪ್ಪಿದರು’ ಎಂದಾಗಲಂತೂ ಸತ್ತವರು ತಾವೇ ಹೋಗಿ ಸಾವನ್ನು ಅಪ್ಪಿಕೊಂಡಂತೆ ಕೇಳುತ್ತದೆ. ಸುದ್ದಿಯನ್ನು ಓದುವಾಗ ಗಮನಿಸಿ. ಒಂದು ಕಡೆಯವರು ಸತ್ತಾಗ ವಾಕ್ಯದಲ್ಲಿ ಕರ್ತೃವಿರುತ್ತಾನೆ, ಸತ್ತವರ ವಯಸ್ಸು, ಓದು, ಹವ್ಯಾಸಗಳಿರುತ್ತವೆ. ಇನ್ನೊಂದು ಕಡೆಯವರು ಸತ್ತಾಗ ಕಟ್ಟಡ ಕುಸಿಯುತ್ತದೆ, ಸ್ಫೋಟ ಸಂಭವಿಸುತ್ತದೆ, ಸಂಖ್ಯೆ ಏರುತ್ತದೆ. ಇದು ಗಾಜಾದ ಸುದ್ದಿಗೆ ಮಾತ್ರ ಸೀಮಿತವಲ್ಲ. ನಮ್ಮಲ್ಲಿಯೇ ಸಾಲದ ಹೊರೆಯಿಂದ ಪ್ರಾಣ ಬಿಟ್ಟ ನೇಕಾರನ ಸುದ್ದಿ ಒಳಪುಟದ ಎರಡು ಸಾಲಿನಲ್ಲಿ ಮುಗಿಯುವುದನ್ನು ರಬಕವಿ-ಬನಹಟ್ಟಿಯವರು ಬಲ್ಲರು.

ಮಗ್ಗದ ಊರು, ಮುಳುಗಿದ ಊರು

ನೇಕಾರರ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳಬೇಕು. ಗಾಜಾದ ಉತ್ತರಕ್ಕೆ ಕಡಲಿಗೆ ಸಮೀಪದಲ್ಲಿ ಮಜ್ದಲ್ ಎಂಬ ಪಟ್ಟಣವಿತ್ತು. ಅದು ಕೈಮಗ್ಗದ ಬಟ್ಟೆಗೆ ಹೆಸರಾದದ್ದು. ಬನಹಟ್ಟಿಯ ಓಣಿಗಳಂತೆ ಅಲ್ಲಿಯೂ ಮಗ್ಗದ ಸದ್ದೇ ಊರಿನ ಉಸಿರಾಗಿತ್ತು. 1948ರ ಯುದ್ಧದಲ್ಲಿ ಅಲ್ಲಿಯ ಬಹುತೇಕರು ಊರು ಬಿಟ್ಟರು. ಉಳಿದವರನ್ನೂ 1950ರ ಹೊತ್ತಿಗೆ ಗಾಜಾಕ್ಕೆ ಸಾಗಹಾಕಲಾಯಿತು. ನೇಕಾರರು ನಿರಾಶ್ರಿತರ ಬಿಡಾರಗಳ ನಡುವೆ ಮತ್ತೆ ಮಗ್ಗ ಹೂಡಿದರು. ಅಂದು ಪ್ಯಾಲೆಸ್ತೀನಿನಾದ್ಯಂತ ಮನೆ ಕಳೆದುಕೊಂಡವರು 7 ಲಕ್ಷಕ್ಕೂ ಹೆಚ್ಚು. ಇಂದು ಗಾಜಾದಲ್ಲಿ ವಾಸಿಸುವವರಲ್ಲಿ ಹೆಚ್ಚಿನವರು ಅವರ ಮಕ್ಕಳು, ಮೊಮ್ಮಕ್ಕಳು. ಗಾಜಾ ಎಂಬ ಹೆಸರನ್ನು ಕೇಳಿದೊಡನೆ ಬಂದೂಕು ಮಾತ್ರ ಕಣ್ಣಿಗೆ ಬರುವವರು ಈ ಮಗ್ಗಗಳನ್ನೂ ನೆನೆಯಬೇಕು.

ಊರು ಕಳೆದುಕೊಳ್ಳುವುದೆಂದರೆ ಏನೆಂದು ಬೀಳಗಿ, ಜಮಖಂಡಿಗಳ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಮನೆ, ಹೊಲ, ಗುಡಿ, ಗದ್ದುಗೆ ಮುಳುಗಿದ್ದನ್ನು ಕಂಡವರು ನಮ್ಮ ನಡುವೆ ಇದ್ದಾರೆ. ಪರಿಹಾರದ ಕಾಗದದಲ್ಲಿ ಎಕರೆ, ಗುಂಟೆಗಳಿದ್ದವು, ಕಟ್ಟೆಯ ಮೇಲಿನ ಬೇವಿನ ನೆರಳಿಗೆ ಅಂಕಣವಿರಲಿಲ್ಲ. ಅಣೆಕಟ್ಟಿನ ಮುಳುಗಡೆಯೂ ಯುದ್ಧದ ವಿನಾಶವೂ ಒಂದೇ ಎಂದು ನಾವು ಹೇಳುತ್ತಿಲ್ಲ. ನಮಗೆ ಕಾನೂನಿತ್ತು, ಪುನರ್ವಸತಿ ಕೇಂದ್ರಗಳಿದ್ದವು, ಕೇಳಲು ಒಂದು ಸರಕಾರವಿತ್ತು. ಇಷ್ಟೆಲ್ಲ ಇದ್ದೂ ನಮ್ಮ ಹಿರಿಯರ ಕಣ್ಣು ಇನ್ನೂ ಒಣಗಿಲ್ಲವಾದರೆ, ಇದಾವುದೂ ಇಲ್ಲದವರ ಪಾಡನ್ನು ಊಹಿಸುವ ಶಕ್ತಿ ನಮಗೆ ಇತರರಿಗಿಂತ ಹೆಚ್ಚಾಗಿಯೇ ಇರಬೇಕು.

ರನ್ನನ ನೆಲ, ಶರಣರ ದಾರಿ

ಮುಧೋಳವು ಕವಿಚಕ್ರವರ್ತಿ ರನ್ನನ ನೆಲ. ಬಳೆಗಾರರ ಮನೆಯಲ್ಲಿ ಹುಟ್ಟಿದ ಆ ಮಹಾಕವಿಯ ‘ಗದಾಯುದ್ಧ’ದಲ್ಲಿ ಒಂದು ಸನ್ನಿವೇಶವಿದೆ. ಸೋತ ದುರ್ಯೋಧನನು ಹೆಣಗಳ ನಡುವೆ ನಡೆಯುತ್ತಾನೆ. ಗುರುವನ್ನು ಕಂಡು, ತಮ್ಮನನ್ನು ಕಂಡು, ಮಗನನ್ನು ಕಂಡು, ಗೆಳೆಯ ಕರ್ಣನನ್ನು ಕಂಡು ಮರುಗುತ್ತಾನೆ. ಅದೇ ದಾರಿಯಲ್ಲಿ ಅಭಿಮನ್ಯುವಿನ ಶವವೂ ಇದೆ. ಅವನು ವೈರಿಯ ಮಗ. ಆದರೂ ದುರ್ಯೋಧನ ಮುಖ ತಿರುಗಿಸಿ ಮುಂದೆ ಹೋಗುವುದಿಲ್ಲ. ನಿಂತು, ಆ ಬಾಲಕನ ಪರಾಕ್ರಮವನ್ನು ಕೊಂಡಾಡಿ, ಗೌರವ ಸಲ್ಲಿಸುತ್ತಾನೆ. ಛಲದಂಕನಾದ ದುರ್ಯೋಧನನಿಂದಲೇ ರನ್ನನು ಇದನ್ನು ಮಾಡಿಸಿದ್ದಾನೆ. ಯುದ್ಧ ಮಾಡಿದವನೇ ವೈರಿಯ ಕೂಸಿಗೆ ಮರುಗಬಲ್ಲನಾದರೆ, ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ಯುದ್ಧವನ್ನು ನೋಡುವ ನಮಗೆ ಅದೇಕೆ ಕಷ್ಟವಾಗಬೇಕು?

ಲಿಂಗಾಯತರಾದ ನಮಗೆ ಇನ್ನೂ ಆಳವಾದ ಕಾರಣವಿದೆ. ಹರಳಯ್ಯ, ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾದಾಗ ಕಲ್ಯಾಣದ ಅರಮನೆಯ ಲೆಕ್ಕದಲ್ಲಿ ಅವರು ಕಟ್ಟಳೆ ಮೀರಿದ ಇಬ್ಬರು ಅಪರಾಧಿಗಳು ಮಾತ್ರ. ಶರಣರ ಲೆಕ್ಕದಲ್ಲಿ ಅವರು ಹುತಾತ್ಮರು. ಊರು ಬಿಟ್ಟು ಚದುರಿದ ಶರಣರು ವಚನದ ಕಟ್ಟುಗಳನ್ನು ಹೊತ್ತು ನಡೆದರು. ಅವರು ಉಳಿಸಿದ್ದು ತತ್ತ್ವವನ್ನು ಮಾತ್ರವಲ್ಲ, ಹೆಸರುಗಳನ್ನೂ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ, ಕೊಟ್ಟಣದ ಸೋಮಮ್ಮ. ಭತ್ತ ಕುಟ್ಟುವ ಹೆಣ್ಣುಮಗಳ ಹೆಸರು ಎಂಟುನೂರು ವರ್ಷ ಉಳಿದುಬಂದಿರುವುದು ಜಗತ್ತಿನ ಚರಿತ್ರೆಯಲ್ಲಿ ಅಪರೂಪದ ಸಂಗತಿ. ಮನೆಮನೆಯ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಆ ತಾಡೋಲೆಗಳನ್ನು ಫ. ಗು. ಹಳಕಟ್ಟಿಯವರು ಹುಡುಕಿ, ಓದಿ, ಅಚ್ಚು ಹಾಕಿಸಿದ್ದರಿಂದ ಆ ಹೆಸರುಗಳು ನಮಗೆ ಮರಳಿ ದೊರೆತವು.

ಬಸವಣ್ಣನವರು ದಯೆಯನ್ನು ಧರ್ಮದ ಬೇರಾಗಿ ಕಂಡರು. ಆ ದಯೆಗೆ ಕುಲ, ದೇಶ, ಮತಗಳ ಮೇರೆಯನ್ನು ಅವರು ಹಾಕಲಿಲ್ಲ. ಬಂದವನು ಯಾರ ಪೈಕಿಯೆಂದು ವಿಚಾರಿಸುವುದಕ್ಕಿಂತ ಮೊದಲೇ ಅವನನ್ನು ನಮ್ಮವನೆಂದು ಒಪ್ಪುವುದು ಅವರು ತೋರಿದ ದಾರಿ. ಸತ್ತವನ ವಿಷಯದಲ್ಲಿಯೂ ಆ ದಾರಿಯೇ ಸರಿ. ಮೊದಲು ಮರುಕ, ಆಮೇಲೆ ವಿಚಾರಣೆ.

ನಮ್ಮಿಂದ ಆಗಬೇಕಾದದ್ದು

ಇಸ್ರೇಲ್-ಪ್ಯಾಲೆಸ್ತೀನ್ ಸಮಸ್ಯೆಗೆ ರಾಜಕೀಯ ಪರಿಹಾರವನ್ನು ಸೂಚಿಸುವುದು ಈ ಲೇಖನದ ಉದ್ದೇಶವಲ್ಲ. ನಮ್ಮ ದೇಶವು 1988ರಲ್ಲಿ ಪ್ಯಾಲೆಸ್ತೀನನ್ನು ರಾಷ್ಟ್ರವೆಂದು ಮನ್ನಿಸಿತು, 1992ರಲ್ಲಿ ಇಸ್ರೇಲಿನೊಂದಿಗೆ ಪೂರ್ಣ ರಾಜತಾಂತ್ರಿಕ ಸಂಬಂಧವನ್ನು ಬೆಳೆಸಿತು. ಇಬ್ಬರೊಂದಿಗೂ ಮಾತನಾಡಬಲ್ಲ ದೇಶದ ಪ್ರಜೆಗಳಾದ ನಾವು ಯಾವ ಪಕ್ಷವನ್ನು ಒಪ್ಪಬೇಕೆಂಬುದು ಅವರವರ ವಿವೇಕಕ್ಕೆ ಬಿಟ್ಟದ್ದು. ಆದರೆ ಸತ್ತ ಮಗುವನ್ನು ಕಂಡು ನಗುವ ಸ್ವಾತಂತ್ರ್ಯ ಇಷ್ಟಲಿಂಗವನ್ನು ಧರಿಸಿದವನಿಗಿಲ್ಲ.

ಈ ಮಾತನ್ನು ಇಷ್ಟು ಕಠೋರವಾಗಿ ಹೇಳಲು ಕಾರಣವಿದೆ. ಯುದ್ಧದಲ್ಲಿ ಮಡಿದ ಮಕ್ಕಳ ಚಿತ್ರಗಳಿಗೆ ನಗುವ ಮುಖದ ಗುರುತನ್ನು ಅಂಟಿಸಿದ ಸಂದೇಶಗಳು ನಮ್ಮ ಊರುಗಳ ವಾಟ್ಸಾಪ್ ಗುಂಪುಗಳಲ್ಲಿಯೂ ಹರಿದಾಡುತ್ತಿವೆ. ಸತ್ತವರು ಪರಧರ್ಮದವರಾದರೆ ಮರುಗಬೇಕಾಗಿಲ್ಲ ಎಂಬ ಭಾವ ಅವುಗಳ ಹಿಂದೆ ಇದೆ. ಈ ಭಾವಕ್ಕೆ ಗಡಿಯಿಲ್ಲ. ಗಾಜಾದ ಮಗುವಿನಿಂದ ಆರಂಭವಾದದ್ದು ನಾಳೆ ನಮ್ಮ ಪಕ್ಕದ ಓಣಿಯ ಮಗುವಿನವರೆಗೆ ಬರುತ್ತದೆ. ಒಂದೇ ಓಣಿಯಲ್ಲಿ ಮಗ್ಗ ನೇಯುವ, ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುವ, ಒಬ್ಬರ ಮದುವೆಗೆ ಒಬ್ಬರು ಹೋಗುವ ನಮ್ಮ ಊರುಗಳಲ್ಲಿ ಆ ಬೆಂಕಿ ಬಿದ್ದರೆ ಆರಿಸುವವರು ಯಾರು?

ಆದುದರಿಂದ ಭಕ್ತಬಾಂಧವರಲ್ಲಿ ನಮ್ಮ ಬಿನ್ನಹ ಇಷ್ಟು. ಅಂಥ ಸಂದೇಶ ಬಂದರೆ ಮುಂದಕ್ಕೆ ಕಳುಹಿಸಬೇಡಿ, ಕಳುಹಿಸಿದವರಿಗೆ ತಿಳಿಹೇಳಿ. ಸಾವಿನ ಸುದ್ದಿಯನ್ನು ಓದುವಾಗ ಸತ್ತವರಿಗೆ ಹೆಸರಿದೆಯೇ, ಕೊಂದವರು ಯಾರೆಂದು ಹೇಳಿದ್ದಾರೆಯೇ, ಇದೇ ಸಾವು ನಮ್ಮ ಕಡೆಯವರದಾಗಿದ್ದರೆ ನಾವು ಹೇಗೆ ಓದುತ್ತಿದ್ದೆವು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇಸ್ರೇಲಿನ ಮನೆಯ ಸಾವಿಗೂ ಗಾಜಾದ ಮನೆಯ ಸಾವಿಗೂ ಒಂದೇ ಅಳತೆಗೋಲನ್ನು ಹಿಡಿಯಿರಿ. ಮಕ್ಕಳಿಗೆ ಹಲಗಲಿಯ ಲಾವಣಿಯನ್ನು ಅಂಕಗಳಿಗಾಗಿ ಮಾತ್ರ ಓದಿಸದೆ, ಒಮ್ಮೆ ಹಲಗಲಿಗೆ ಕರೆದೊಯ್ದು ಅಲ್ಲಿಯ ಹಿರಿಯರಿಂದ ಕೇಳಿಸಿರಿ.

ಹಲಗಲಿಯನ್ನು ಸುಟ್ಟವರು ಆ ಊರಿನ ಹೆಸರು ಅಳಿಯಿತೆಂದು ಭಾವಿಸಿದ್ದರು. ಊರೂರು ತಿರುಗಿ ಹಾಡಿದ ಬಡ ಲಾವಣಿಕಾರರು ಅದನ್ನು ಅಳಿಯಗೊಡಲಿಲ್ಲ. ದೂರದವರ ಹೆಸರುಗಳನ್ನು ಹಾಡಲು ನಮಗೆ ಬಾರದಿರಬಹುದು. ಕೇಳಿದಾಗ ಕಿವಿ ಮುಚ್ಚಿಕೊಳ್ಳದಿರುವುದು ನಮ್ಮ ಕೈಯಲ್ಲಿದೆ.



ಕಾರ್ಯದರ್ಶಿ, ಶ್ರೀಮಠ